ಕೈ ಅಳೆದು ಚಕ್ರದ ಹಲ್ಲು ಎಣಿಸುವ ಲಗಮಪ್ಪ

ಬೆಳಗಿನ ಆರು ಇನ್ನೂ ಆಗಿಲ್ಲ. ಮಸಗುಪ್ಪಿಯ ಹೊರಗೆ, ಕಬ್ಬಿನ ಹೊಲದ ಅಂಚಿಗೆ, ಹೊಸದಾಗಿ ಎತ್ತಿದ ಗಾಣದ ಛಪ್ಪರ. ಬೆಲ್ಲ ಕುದಿಸುವ ಕೊಪ್ಪರಿಗೆಗೆ ಇನ್ನೂ ಮಸಿ ಹತ್ತಿಲ್ಲ. ಕಬ್ಬು ಅರೆಯುವ ಕಬ್ಬಿಣದ ರೋಲರುಗಳು ಬಂದು ಕೂತಿವೆ, ಹದಿನೈದು ಎಚ್‌ಪಿ ಮೋಟಾರು ಬಂದು ಕೂತಿದೆ. ಎರಡರ ನಡುವೆ ಕೂರಬೇಕಾದ ಗೇರ್ ಬಾಕ್ಸ್ ಮಾತ್ರ ಬಾಕಿ. ಅದನ್ನು ಮಾಡಿಕೊಡಬೇಕಾದ ಮನುಷ್ಯ, ಅರವತ್ತೆರಡರ ಲಗಮಪ್ಪ, ಮೋಟಾರಿನ ಕಡೆ ತಿರುಗಿಯೂ ನೋಡುತ್ತಿಲ್ಲ. ಅಂಗಿಯ ಕಿಸೆಯಿಂದ ಟೇಪು ಎಳೆದು, ಗಾಣಕ್ಕೆ ಕಬ್ಬು ಕೊಡುವ ಕೂಲಿಗೆ ಗೊತ್ತುಮಾಡಿರುವ ಸಾತವ್ವನ ಮುಂದೆ ನಿಂತಿದ್ದಾರೆ.

“ಕೈ ಚಾಚ ಯವ್ವಾ ಒಂದೀಟ.”

“ಯಾಕ್ರಿ ಕಾಕಾ, ಬಳಿ ಇಡಸಾವ್ರೇನು?” ಸಾತವ್ವ ಸೆರಗನ್ನು ಬಾಯಿಗೆ ಹಿಡಿದು ನಗುತ್ತಾರೆ.

ಲಗಮಪ್ಪ ನಗುವುದಿಲ್ಲ. ನಡುಬೆರಳಿನ ತುದಿಯಿಂದ ಮೊಣಕೈವರೆಗೆ ಟೇಪು ಹಿಡಿಯುತ್ತಾರೆ, ಹದಿನೇಳು ಇಂಚು. ಆಮೇಲೆ ಸಾತವ್ವ ನಿಲ್ಲಬೇಕಾದ ಜಾಗದಿಂದ ಮೋಟಾರಿನ ಸ್ವಿಚ್ಚಿನ ತನಕ ಹೆಜ್ಜೆ ಹಾಕುತ್ತಾರೆ, ಹದಿನಾಲ್ಕು. ಮೊದಲೇ ಗಂಟಿಕ್ಕಿದ ಮುಖ ಇನ್ನಷ್ಟು ಗಂಟಾಗುತ್ತದೆ.

“ಸ್ವಿಚ್ ಇಲ್ಲಿ ಬರಬೇಕ ಬಾಳೇಶಾ. ಈಕಿ ಎಡಗೈಗೆ ಸಿಗೂವಂಗ.”

ಗಾಣದ ಮಾಲೀಕ ಬಾಳೇಶನಿಗೆ ಮೂವತ್ತೈದರ ಆಸುಪಾಸು. ಮಾತು ಮೆತ್ತಗೆ, ಪಟ್ಟು ಗಟ್ಟಿ. “ಸ್ವಿಚ್ ತರೂಣ್ರಿ ಕಾಕಾ. ಆದರ ಸುತ್ತ ಮಾತ್ರ ನಿಮಿಷಕ್ಕ ನನಗ ಹನ್ನೆರಡ ಬೇಕ. ತ್ರೀ ಫೇಸ್ ಕರೆಂಟ್ ದಿನಕ್ಕ ಏಳ ತಾಸ ಕೊಡ್ತಾರ. ಅಷ್ಟರಾಗ ಕಬ್ಬ ಅರದ ಮುಗಿಸಬೇಕ.”

“ಎಂಟ.”

“ಹೋಗ್ಲಿ, ಹತ್ತ ಮಾಡ್ರಿ.”

“ಎಂಟ ಅಂದ್ರ ಎಂಟ. ಜಾಸ್ತಿ ಬೇಕಂದ್ರ ಬ್ಯಾರೆ ಅಂಗಡಿ ಅದಾವು.”

ಬಾಳೇಶ “ನೋಡೂಣ್ರಿ” ಎನ್ನುತ್ತಾನೆ. ಈ ಭಾಗದಲ್ಲಿ ನೋಡೋಣ ಎಂದರೆ ಏನರ್ಥ ಎಂದು ಎಲ್ಲರಿಗೂ ಗೊತ್ತು, ಲಗಮಪ್ಪನವರಿಗೂ ಗೊತ್ತು. ಟೇಪು ಸುತ್ತಿ ಕಿಸೆಗೆ ಹಾಕಿಕೊಂಡು, ಕೊಟ್ಟ ಚಹಾ ಕುಡಿದು, ಮೂಡಲಗಿಯ ದಾರಿ ಹಿಡಿಯುತ್ತಾರೆ. ಈ ಸುಗ್ಗಿಯಲ್ಲಿ ಹೀಗೆ ಗೇರ್ ಬಾಕ್ಸ್ ಕೇಳಿಕೊಂಡು ಬಂದವರು ಒಂಬತ್ತು ಜನ. ಎಂಟು ಸುತ್ತಿಗೆ ಒಪ್ಪಿ ಮಾಡಿಸಿಕೊಂಡವರು ಇಬ್ಬರು.

ಮೂಡಲಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಲಗಮಪ್ಪನವರ ಅಂಗಡಿ. ಬೋರ್ಡಿಲ್ಲ. ಒಂದು ಲೇತ್, ಹಲ್ಲು ಕೊರೆಯುವ ಒಂದು ಹಳೆಯ ಯಂತ್ರ, ಭಾರ ಎತ್ತುವ ಒಂದು ಚೈನು. ಎರಡನೇ ಲೇತ್ ಇದ್ದ ಜಾಗದಲ್ಲಿ ಈಗ ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ ಇದೆ. ಅದನ್ನು ಯಾಕೆ ಮಾರಿದರು ಎಂಬುದು ಮುಂದೆ ಬರುತ್ತದೆ. ಗಾಣದ ಮಾಲೀಕನ ಹೆಸರು ಛಪ್ಪರದ ಮೇಲೆ ದೊಡ್ಡದಾಗಿ ಇರುತ್ತದೆ, ಮೋಟಾರಿನ ಕಂಪನಿಯ ಹೆಸರು ತಗಡಿನ ಮೇಲೆ ಇರುತ್ತದೆ. ನಡುವೆ ಕೂತು ಗ್ರೀಸು ಮೆತ್ತಿಕೊಂಡು ದುಡಿಯುವ ಡಬ್ಬಿ ಯಾರು ಮಾಡಿದ್ದು ಅಂತ ಯಾವ ಪುಣ್ಯಾತ್ಮನೂ ಕೇಳುವುದಿಲ್ಲ. ಗೇರ್ ಬಾಕ್ಸಿಗೆ ಲಗಮಪ್ಪ ಡಬ್ಬಿ ಎಂದೇ ಅನ್ನುವುದು. ಮೂವತ್ತೆಂಟು ವರ್ಷಗಳಲ್ಲಿ ಅವರ ಕೈಯಿಂದ ಇನ್ನೂರಕ್ಕೂ ಹೆಚ್ಚು ಡಬ್ಬಿ ಹೊರಬಿದ್ದಿವೆ.

ಕೆಲಸ ಕೇಳಿದರೆ ಸರಳ ಅನಿಸುತ್ತದೆ. ಮೋಟಾರು ನಿಮಿಷಕ್ಕೆ ಸಾವಿರದ ನಾನೂರಾ ನಲವತ್ತು ಸುತ್ತು ತಿರುಗುತ್ತದೆ. ಆ ವೇಗ ರೋಲರಿಗೆ ಕೊಟ್ಟರೆ ಗಾಣವೇ ಕಿತ್ತು ಬರುತ್ತದೆ. ಹಾಗಾಗಿ ಮೊದಲು ಬೆಲ್ಟಿನ ಪಟ್ಟಾ ಹಾಕಿ ಕಾಲು ಪಾಲಿಗೆ, ಅಂದರೆ ಮುನ್ನೂರಾ ಅರವತ್ತಕ್ಕೆ, ಇಳಿಸುತ್ತಾರೆ. ಮುಂದಿನದು ಡಬ್ಬಿಯ ಪಾಲು. ಅದರೊಳಗೆ ಎರಡು ಜೋಡಿ ಹಲ್ಲಿನ ಚಕ್ರಗಳು. ಮೊದಲ ಜೋಡಿ ಹತ್ತಿರ ಹತ್ತಿರ ಆರು ಪಟ್ಟು ಇಳಿಸಿ ಅರವತ್ತಕ್ಕೆ ತರುತ್ತದೆ, ಎರಡನೇ ಜೋಡಿ ಏಳೂವರೆ ಪಟ್ಟು ಇಳಿಸಿ ಎಂಟಕ್ಕೆ ನಿಲ್ಲಿಸುತ್ತದೆ. ವೇಗ ಇಳಿದಷ್ಟೂ ರೋಲರಿಗೆ ಹಿಡಿತ ಏರುತ್ತದೆ.

“ಜೋರ ಬೇಕೋ, ತಾಕತ್ತ ಬೇಕೋ, ಒಂದ ಕೇಳ್ರಿ ಅಂತೇನಿ,” ಎನ್ನುತ್ತಾರೆ ಲಗಮಪ್ಪ. “ಎರಡೂ ಕೊಡಾಕ ನಾ ಏನ ದೇವ್ರೇನ್ರಿ?”

ಚಕ್ರಕ್ಕೆ ಎಷ್ಟು ಹಲ್ಲು ಎಂದು ಗೊತ್ತು ಮಾಡುವುದರಲ್ಲಿ ಅವರ ಕಸುಬೆಲ್ಲ ಅಡಗಿದೆ. ಮೊದಲ ಜೋಡಿಯ ಸಣ್ಣ ಚಕ್ರಕ್ಕೆ ಹದಿನಾರು ಹಲ್ಲು. ಆರು ಪಟ್ಟು ಬೇಕಿದ್ದರೆ ದೊಡ್ಡದಕ್ಕೆ ತೊಂಬತ್ತಾರು ಕೊರೆದರಾಯಿತಲ್ಲ ಅಂದರೆ ಲಗಮಪ್ಪ ತಲೆ ಅಲ್ಲಾಡಿಸುತ್ತಾರೆ. ತೊಂಬತ್ತಾರು ಕೊರೆದರೆ ಸಣ್ಣದರ ಒಂದೊಂದು ಹಲ್ಲಿಗೂ ದೊಡ್ಡದರ ಅದದೇ ಆರು ಹಲ್ಲುಗಳು ಜೀವಮಾನವಿಡೀ ಎದುರಾಗುತ್ತವೆ. ಒಂದು ಹಲ್ಲು ಸೊಟ್ಟ ಇದ್ದರೆ ಆ ಆರನ್ನು ತಿಂದು ಹಾಕುತ್ತದೆ. ತೊಂಬತ್ತೈದು ಕೊರೆದರೆ ಜೋಡಿ ತಪ್ಪುತ್ತದೆ, ಪ್ರತಿ ಹಲ್ಲೂ ಸರತಿಯ ಮೇಲೆ ಎಲ್ಲ ಹಲ್ಲುಗಳಿಗೂ ಎದುರಾಗುತ್ತದೆ, ಸವೆತ ಎಲ್ಲರಿಗೂ ಹಂಚಿಕೆಯಾಗುತ್ತದೆ.

“ಒಬ್ಬಾಂವನ ತ್ರಾಸ ಒಬ್ಬಾಂವನ ತಲಿಮ್ಯಾಲೆ ಬೀಳಬಾರದ್ರಿ. ಎಲ್ಲಾರೂ ಈಟೀಟ ಹೊತ್ರ ಡಬ್ಬಿ ಮೂವತ್ತ ವರ್ಷ ಬಾಳ್ತೈತಿ.”

ಏಳನೇ ಇಯತ್ತೆಗೆ ಸಾಲಿ ಬಿಟ್ಟ ಮನುಷ್ಯನಿಗೆ ಇದನ್ನೆಲ್ಲ ಕಲಿಸಿದ್ದು ಬಸವಣ್ಣೆಪ್ಪ ಎಂಬ ದೂರದ ಸಂಬಂಧದ ಕಾಕಾ. ಗೋಕಾಕ ಫಾಲ್ಸ್‌ನಲ್ಲಿ, ಗಿರಣಿಯ ಭೋಂಗಾ ಕೇಳುವಷ್ಟು ಹತ್ತಿರದಲ್ಲಿ, ಅವರದೊಂದು ಸಣ್ಣ ರಿಪೇರಿ ಅಂಗಡಿ ಇತ್ತು. ಹತ್ತು ವರ್ಷ ಲಗಮಪ್ಪ ಅಲ್ಲಿ ದುಡಿದರು. ಕಾಕಾ ಬಾಯಿಬಿಟ್ಟು ಹೊಗಳಿದ ನೆನಪಿಲ್ಲ. ತಪ್ಪು ಕೊರೆದ ಚಕ್ರವನ್ನು ಮಾತ್ರ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದರಂತೆ. ಕಾಕಾ ತೀರಿಕೊಂಡ ಮೇಲೆ ಲಗಮಪ್ಪ ಮೂಡಲಗಿಗೆ ಬಂದು ಸ್ವಂತ ಅಂಗಡಿ ಹಾಕಿದರು.

ಎಲ್ಲ ಸುರಳೀತ ನಡೆದಿತ್ತು. ನಾಲ್ಕು ವರ್ಷದ ಹಿಂದಿನ ಸುಗ್ಗಿ ಬಂತು.

ಆ ವರ್ಷ ಗಾಣದವರೆಲ್ಲ ಒಂದೇ ರಾಗ ಹಾಡಿದರು: ಕರೆಂಟು ಸಾಲುವುದಿಲ್ಲ, ಜೋರು ತಿರುಗುವ ಡಬ್ಬಿ ಕೊಡಿ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಕಡಿದ ಕಬ್ಬು ಬಿಸಿಲಿಗೆ ಒಣಗುತ್ತಿತ್ತು, ಅರ್ಧ ಕೊಪ್ಪರಿಗೆ ರಸ ಬಿದ್ದಿರುವಾಗ ಕರೆಂಟು ಹೋಗಿ ರಸ ಹುಳಿಯಾಗುತ್ತಿತ್ತು. ಲಗಮಪ್ಪ ಒಂದು ರಾತ್ರಿ ಕೂತು ಲೆಕ್ಕ ಹಾಕಿದರು. ಡಬ್ಬಿಯ ಎರಕ ಬದಲಿಸುವಂತಿಲ್ಲ, ಚಕ್ರಗಳ ಅಚ್ಚು ಕೂರುವ ತೂತುಗಳ ನಡುವಿನ ಅಂತರ ಇದ್ದಷ್ಟೇ ಇರುತ್ತದೆ. ಹಾಗಾಗಿ ಎರಡನೇ ಜೋಡಿಯ ಹಲ್ಲುಗಳನ್ನು ಕೂಡಿಸಿದರೆ ನೂರಾ ಹನ್ನೊಂದೇ ಬರಬೇಕು. ಇದ್ದದ್ದು ಹದಿಮೂರಕ್ಕೆ ತೊಂಬತ್ತೆಂಟು. ಅದನ್ನು ತೆಗೆದು ಹತ್ತೊಂಬತ್ತಕ್ಕೆ ತೊಂಬತ್ತೆರಡು ಹಾಕಿದರೆ? ಮೊತ್ತ ಅದೇ ನೂರಾ ಹನ್ನೊಂದು, ಅದೇ ಡಬ್ಬಿ, ಅದೇ ಮುಚ್ಚಳ, ಹೊರಗಿನಿಂದ ಕೂದಲೆಳೆಯ ಫರಕಿಲ್ಲ. ರೋಲರ್ ಮಾತ್ರ ನಿಮಿಷಕ್ಕೆ ಹನ್ನೆರಡೂವರೆ ಸುತ್ತು!

“ಅವತ್ತ ನನಗ ಭಾಳ ಹೆಮ್ಮಿ ಆಗಿತ್ರಿ,” ಎನ್ನುತ್ತಾರೆ ಲಗಮಪ್ಪ, ಕೈಯಲ್ಲಿದ್ದ ಬಟ್ಟೆಯಿಂದ ಕೈಯನ್ನೇ ಒರೆಸಿಕೊಳ್ಳುತ್ತ. “ಕಾಕಾ ಇದ್ದಿದ್ರ ಶಾಬಾಷ್ ಅಂತಿದ್ದ ಅನ್ಕೊಂಡೆ. ಹಲ್ಲ ಎಣಿಸಿದ್ನಿ, ಸುತ್ತ ಎಣಿಸಿದ್ನಿ. ಗಾಣಕ್ಕ ಕಬ್ಬ ಯಾರ ಕೊಡ್ತಾರ ಅಂತ ಒಂದ ಮಾತ ಕೇಳ್ಲಿಲ್ಲ.”

ಅಂಥ ಐದು ಡಬ್ಬಿ ಕೊಟ್ಟರು. ಮೊದಲನೆಯದು ಹುಕ್ಕೇರಿ ಕಡೆಯ ಒಂದು ಗಾಣಕ್ಕೆ ಹೋಯಿತು. ಅಲ್ಲಿ ಕಬ್ಬು ಕೊಡುತ್ತಿದ್ದವರು ಕಾಶೆವ್ವ, ಆಗ ನಲವತ್ತೆಂಟರ ಹೆಣ್ಣುಮಗಳು, ಹದಿನೆಂಟು ಸುಗ್ಗಿ ಇದೇ ಕೆಲಸ ಮಾಡಿದವರು. ಕಬ್ಬಿನ ಒಣಗರಿ, ರವದಿ, ಕೈಯನ್ನು ಗರಗಸದಂತೆ ಕೊಯ್ಯುತ್ತದೆಂದು ಆಕೆ ಬಲಗೈಗೆ ಹಳೆಯ ಸೀರೆಯ ತುಂಡು ಸುತ್ತಿಕೊಳ್ಳುವುದು ರೂಢಿ. ಈ ಕಡೆ ಎಲ್ಲ ಹೆಂಗಸರೂ ಹಾಗೇ ಸುತ್ತಿಕೊಳ್ಳುತ್ತಾರೆ. ನಿಧಾನ ತಿರುಗುವ ಗಾಣದಲ್ಲಿ ಬಟ್ಟೆಯ ತುದಿ ಸಿಕ್ಕರೆ ಎಳೆದುಕೊಳ್ಳಲು ಪುರುಸೊತ್ತಿರುತ್ತಿತ್ತು. ಹದಿನೆಂಟು ವರ್ಷದಲ್ಲಿ ಎರಡು ಮೂರು ಸಲ ಹಾಗೆ ಎಳೆದುಕೊಂಡೂ ಇದ್ದರು.

ಆ ದಿನ ಎಳೆದುಕೊಳ್ಳಲಾಗಲಿಲ್ಲ. ಕಾಶೆವ್ವ ಚೀರಿದರು. ಕೊಪ್ಪರಿಗೆಯ ಬಳಿ ಇದ್ದವರು ಸ್ವಿಚ್ಚಿಗೆ ಓಡಿದರು. ಮೋಟಾರು ನಿಂತಾಗ ಬಲಗೈ ಮೊಣಕೈ ದಾಟಿ ಒಳಗೆ ಹೋಗಿತ್ತು. ಪಟ್ಟಾ ಬಿಚ್ಚಿ, ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಬಿಡಿಸಲು ಅರ್ಧ ತಾಸು ಹಿಡಿಯಿತು. ಕೈ ಉಳಿಯಲಿಲ್ಲ. ಆ ಗಾಣ ಮತ್ತೆ ತಿರುಗಲಿಲ್ಲ.

ಸುದ್ದಿ ಕೇಳಿದ ಲಗಮಪ್ಪ ಅಂಗಡಿಯ ಬಾಗಿಲು ಹಾಕಿಕೊಂಡು ಮತ್ತೆ ಲೆಕ್ಕ ಮಾಡಿದರು. ಮೊದಲೇ ಮಾಡಬೇಕಿದ್ದ ಲೆಕ್ಕ ಅದು. ರೋಲರಿನ ಸುತ್ತಳತೆ ನಲವತ್ತನಾಲ್ಕು ಇಂಚು. ಎಂಟು ಸುತ್ತಿಗೆ ಸೆಕೆಂಡಿಗೆ ಆರು ಇಂಚು ಒಳಗೆ ಎಳೆಯುತ್ತದೆ, ಹನ್ನೆರಡೂವರೆಗೆ ಒಂಬತ್ತು. ಬೆರಳ ತುದಿಯಿಂದ ಮೊಣಕೈಗೆ ಹದಿನೇಳು ಹದಿನೆಂಟು ಇಂಚು. ಮೊದಲಿನ ಡಬ್ಬಿ ಮನುಷ್ಯನಿಗೆ ಮೂರು ಸೆಕೆಂಡು ಕೊಡುತ್ತಿತ್ತು, ಹೊಸದು ಎರಡೇ ಎರಡು ಕೊಟ್ಟಿತು. ಒಂದು ಸೆಕೆಂಡು! ಅಷ್ಟು ಹೊತ್ತಿನಲ್ಲಿ ಏನಾದೀತು ಎಂದು ಕೇಳುವವರು ಕಾಶೆವ್ವನ ಖಾಲಿ ತೋಳನ್ನು ನೋಡಬೇಕು.

ಯಾರೂ ಲಗಮಪ್ಪನವರನ್ನು ದೂರಲಿಲ್ಲ. ಬಟ್ಟೆ ಸುತ್ತಿಕೊಂಡದ್ದು ತಪ್ಪು ಎಂದರು ಕೆಲವರು, ಸ್ವಿಚ್ಚು ದೂರವಿಟ್ಟದ್ದು ತಪ್ಪು ಎಂದರು ಕೆಲವರು. ಡಬ್ಬಿಯೊಳಗಿನ ಹಲ್ಲಿನ ಸುದ್ದಿಗೆ ಯಾರೂ ಬರಲಿಲ್ಲ, ಯಾಕೆಂದರೆ ಅದು ಯಾರಿಗೂ ತಿಳಿಯುವುದೇ ಇಲ್ಲ. ಗೊತ್ತಿದ್ದವರು ಒಬ್ಬರೇ, ಮತ್ತು ಅವರಿಗೆ ಅನ್ನ ಇಳಿಯಲಿಲ್ಲ.

“ಹದಿನೈದ ದಿನ ಲೇತ್ ಮುಟ್ಟಲಿಲ್ಲ,” ಎನ್ನುತ್ತಾರೆ ಹೆಂಡತಿ ಶಂಕ್ರವ್ವ. “ಕಡೀಕ ನಾನ ಅಂದೆ, ಹಿಂಗ ಕುಂತ್ರ ಉಳದ ನಾಕ ಡಬ್ಬಿ ತಾವ ನಿಧಾನ ಆಗ್ತಾವೇನು? ಹೋಗಿ ತಗೊಂಡ ಬರ್ರಿ ಅಂದೆ.”

ಅಲ್ಲಿಂದ ಶುರುವಾಯಿತು ಓಡಾಟ. ಎರಡನೇ ಲೇತ್ ಮಾರಿ, ನಿಧಾನದ ನಾಲ್ಕು ಜೋಡಿ ಚಕ್ರ ಕೊರೆದರು. ನಾಲ್ಕು ಆಳು ಎತ್ತಬೇಕಾದ ಭಾರ, ಟಂಟಂ ಆಟೋದಲ್ಲಿ ಹೇರಿಕೊಂಡು ಒಂದೊಂದೇ ಗಾಣಕ್ಕೆ ಹೋಗಿ ಪುಕ್ಕಟೆ ಬದಲಿಸಿಕೊಡುತ್ತೇನೆ ಎಂದರು. ಪುಕ್ಕಟೆ ಎಂದೊಡನೆ ಜನಕ್ಕೆ ಅನುಮಾನ. ಒಬ್ಬನಂತೂ, ಇದರಲ್ಲಿ ತಾಮ್ರ ಗೀಮ್ರ ಇಟ್ಟು ಮರೆತಿದ್ದೀರೇನು ಎಂದು ಕೇಳಿದನಂತೆ. ಅಲೆದಾಡಿ, ಕೈಮುಗಿದು, ಎರಡು ವರ್ಷದಲ್ಲಿ ಮೂರು ಡಬ್ಬಿ ಬದಲಿಸಿದರು. ಉಳಿದದ್ದು ಒಂದು. ಅದು ಹುಕ್ಕೇರಿಯಿಂದ ಆಚೆ, ಮುರಿಗೆಪ್ಪ ಎಂಬವರ ಗಾಣದಲ್ಲಿತ್ತು.

ಮುರಿಗೆಪ್ಪ ಕೆಟ್ಟ ಮನುಷ್ಯರಲ್ಲ. ಹೋದಾಗಲೆಲ್ಲ ಕೂರಿಸಿ, ಉಣ್ಣಿಸಿ ಕಳಿಸುತ್ತಿದ್ದರು. “ಸುಗ್ಗಿ ಮುಗೀಲಿ ಲಗಮಣ್ಣಾ, ನಡೂವ ಗಾಣ ನಿಂದ್ರಸಾಕ ಆಗಂಗಿಲ್ಲ” ಎನ್ನುತ್ತಿದ್ದರು. ಸುಗ್ಗಿ ಮುಗಿದಾಗ, “ಮುಂದಿನ ಸುಗ್ಗಿಗೆ ಮೊದಲ ಮಾಡೂಣು” ಎನ್ನುತ್ತಿದ್ದರು. ಲಗಮಪ್ಪ ಒತ್ತಾಯ ಮಾಡಲಿಲ್ಲ. ಸಿಟ್ಟಿಗೆದ್ದು ಬರಲೇಬೇಡ ಅಂದುಬಿಟ್ಟರೆ ಎಂಬ ಅಂಜಿಕೆ. ಈ ಅಂಜಿಕೆಯನ್ನು ನೆನೆದರೆ ಅವರಿಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಹೋದ ವರ್ಷ ಸುಗ್ಗಿಗೆ ತಿಂಗಳಿರುವಾಗ, ಕೇಳದೆ ಮಾಡದೆ, ಚಕ್ರದ ಜೋಡಿ ಹೇರಿಕೊಂಡು ಹೋಗಿಯೇ ಬಿಟ್ಟರು. ಗಾಣದ ಛಪ್ಪರದ ಕೆಳಗೆ ಮೇಕೆಗಳು ಮಲಗಿದ್ದವು. ಸಿಮೆಂಟಿನ ಕಟ್ಟೆಯಲ್ಲಿ ಡಬ್ಬಿ ಇದ್ದ ಜಾಗದಿಂದ ನಾಲ್ಕು ಬೋಲ್ಟು ಮೇಲೆ ಎದ್ದು ನಿಂತಿದ್ದವು.

“ಮಾರಿದ್ನಲ್ಲೋ ಲಗಮಣ್ಣಾ,” ಎಂದರು ಮುರಿಗೆಪ್ಪ, ಮುಖ ಸಣ್ಣದು ಮಾಡಿಕೊಂಡು. “ಕಬ್ಬ ಕಾರ್ಖಾನಿಗೇ ಕಳಸಾಕತ್ತೇನಿ. ಗಾಣ ಯಾರ ನಡಸ್ತಾರ? ಸಂತ್ಯಾಗ ಗುಜರಿಯಾಂವಗ ಕೊಟ್ಟೆ. ನಿನಗ ಹೇಳಬೇಕಂದೆ, ಮರತ ಹೋತು.”

ಲಗಮಪ್ಪ ಆ ಕಟ್ಟೆಯ ಮೇಲೆ ಕೂತೇಬಿಟ್ಟರು. ಟಂಟಂನವನು ಮೂರು ಸಲ ಹಾರ್ನ್ ಹೊಡೆದರೂ ಏಳಲಿಲ್ಲ.

ಹುಕ್ಕೇರಿಯ ಗುಜರಿಯವನಿಗೆ ನೆನಪಿತ್ತು. ಕರಗಿಸಲು ಕೊಡಲಿಲ್ಲ, ಡಬ್ಬಿ ಇನ್ನೂ ಗಟ್ಟಿ ಇತ್ತು, ಹಸಿರು ಬಣ್ಣ ಹೊಡೆದು ಚಾಲ್ತಿ ಮಾಲು ಎಂದು ಮಾರಿದ. ಕೊಂಡವರು ಟ್ರ್ಯಾಕ್ಟರಿನಲ್ಲಿ ಬಂದಿದ್ದರು, ಇಬ್ಬರು, ಗಾಣಕ್ಕೇ ಎಂದಿದ್ದರು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಘಟಪ್ರಭಾ ದಾಟಿ ಹೋದರೋ, ಮಹಾರಾಷ್ಟ್ರದ ಕಡೆ ಹೋದರೋ, ಅದೂ ಗೊತ್ತಿಲ್ಲ.

ಅಂದಿನಿಂದ ಹುಕ್ಕೇರಿಯ ಸಂತೆ ತಪ್ಪಿಸಿಲ್ಲ. ವಾರಕ್ಕೊಮ್ಮೆ ಲೇತ್ ಬಂದ್ ಮಾಡಿ, ಮೊದಲ ಬಸ್ಸು ಹಿಡಿದು ಹೋಗುತ್ತಾರೆ. ಬೆಲ್ಲ ಮಾರಲು ಬಂದವರ ಹತ್ತಿರ, ಹಗ್ಗ, ಕೊಡಲಿ ಕೊಳ್ಳಲು ಬಂದವರ ಹತ್ತಿರ, ಟ್ರ್ಯಾಕ್ಟರಿನವರ ಹತ್ತಿರ ಒಂದೇ ಪ್ರಶ್ನೆ: ಹಸಿರು ಡಬ್ಬಿ ಕಂಡೀರೇನು? ಕೆಲವರಿಗೆ ಈಗ ಮುಖ ಪರಿಚಯವಾಗಿಬಿಟ್ಟಿದೆ. “ಹಸರ ಡಬ್ಬಿ ಕಾಕಾ ಬಂದ ನೋಡ್ರಿ” ಎಂದು ದೂರದಿಂದಲೇ ನಗುತ್ತಾರೆ. ನಕ್ಕರೆ ನಗಲಿ, ಒಬ್ಬನಾದರೂ ಹೂಂ ಎಂದರೆ ಸಾಕು ಎನ್ನುತ್ತಾರೆ ಲಗಮಪ್ಪ. ಇಪ್ಪತ್ತಕ್ಕೂ ಹೆಚ್ಚು ಗಾಣಗಳಿಗೆ ಸ್ವತಃ ಹೋಗಿ ನೋಡಿ ಬಂದಿದ್ದಾರೆ. ಯಾವುದೂ ಅದಲ್ಲ.

ಅದೇ ಸಂತೆಯ ತುದಿಯಲ್ಲಿ ಕಾಶೆವ್ವ ಮೆಂತೆ, ರಾಜಗಿರಿ ಸೊಪ್ಪು ಹರಡಿಕೊಂಡು ಕೂತಿರುತ್ತಾರೆ. ಎಡಗೈಯಿಂದಲೇ ಸೂಡು ಎತ್ತಿ ಕೊಡುತ್ತಾರೆ, ಹಲ್ಲಿನಿಂದ ಚೀಲದ ಬಾಯಿ ಬಿಗಿಯುತ್ತಾರೆ. ಲಗಮಪ್ಪ ಮೊದಲ ಸಲ ಹೋಗಿ ಎದುರಿಗೆ ಕೂತು ಗೊಳೋ ಎಂದು ಅತ್ತಾಗ ಕಾಶೆವ್ವ ಗದರಿಸಿದ್ದರಂತೆ: “ಏಳೋ ಯಪ್ಪಾ, ಹಿಂಗ ಕುಂತ ಅತ್ರ ಗಿರಾಕಿ ಯಾರ ಬರ್ತಾರ? ನಾ ಅರಿವಿ ಸುತ್ಕೊಂಡಿದ್ದೆ, ನನ್ನ ಕೈ ಹೋತು. ನಿಂದೇನ ತಪ್ಪ ಅದರಾಗ?”

ಈ ಮಾತು ಅವರಿಗೆ ಸಮಾಧಾನ ಕೊಡಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಾನು ಮಾಡಿದ ತಪ್ಪನ್ನು ಆ ಹೆಣ್ಣುಮಗಳು ತನ್ನ ಮೇಲೆ ಹಾಕಿಕೊಂಡು ಕೂತಿದ್ದಾಳೆ ಎಂಬುದೇ ಅವರಿಗೆ ನುಂಗಲಾಗದ ತುತ್ತಾಗಿದೆ. ಹಲ್ಲುಗಳ ಲೆಕ್ಕವನ್ನು ಒಂದು ದಿನ ಆಕೆಗೆ ಬಿಡಿಸಿ ಹೇಳಿದರಂತೆ, ಆರು ಇಂಚು, ಒಂಬತ್ತು ಇಂಚು, ಕೈತಪ್ಪಿಹೋದ ಕೊನೆಯ ಡಬ್ಬಿ, ಎಲ್ಲವನ್ನೂ. ಕಾಶೆವ್ವ ಕೇಳಿದ್ದು ಒಂದೇ ಮಾತು.

“ಆ ಇನ್ನೊಂದು ಎಲ್ಲೈತಿ?”

ಈ ವರ್ಷದ ಸುಗ್ಗಿ ಈಗ ಅರ್ಧಕ್ಕೆ ಬಂದಿದೆ. ಎಲ್ಲೋ ಒಂದು ಛಪ್ಪರದಲ್ಲಿ ಆ ಡಬ್ಬಿ ತಿರುಗುತ್ತಿದೆ, ಅದರ ಮುಂದೆ ಯಾರೋ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದಾರೆ. ರೇಡಿಯೋದಲ್ಲಿ ಹೇಳಿಸಲು ಓಡಾಡಿ ಆಯಿತು, ಊರೂರಿನ ಮೊಬೈಲ್ ಗುಂಪುಗಳಿಗೆ ಸುದ್ದಿ ಕಳಿಸಿ ಆಯಿತು. ಪತ್ರಿಕೆಯಿಂದ ಬರುತ್ತೇವೆ ಎಂದಾಗ ಲಗಮಪ್ಪ ಮೊದಲು ಬೇಡವೇ ಬೇಡ ಎಂದವರು, ಶಂಕ್ರವ್ವ ಕಿವಿಯಲ್ಲಿ ಏನೋ ಹೇಳಿದ ಮೇಲೆ ಒಪ್ಪಿಕೊಂಡರು.

ಛಾಯಾಗ್ರಾಹಕ ಲೇತ್ ಪಕ್ಕ ನಿಲ್ಲಿ ಎಂದಾಗ ಲಗಮಪ್ಪ ಹಿಂದೆ ಸರಿಯುತ್ತಾರೆ.

“ನನ್ನ ಫೋಟೋ ತಗೊಂಡ ಏನ ಮಾಡ್ತೀರಿ? ನಾ ಏನ ಸಾಧನಾ ಮಾಡೇನಿ? ನಾ ಹೇಳೂದಷ್ಟ ಬರ್ಕೋರ್ರಿ. ಹಳೇ ಡಬ್ಬಿ ಕೊಂಡಾವ್ರು ಮುಚ್ಚಳದ ಮ್ಯಾಲೆ ಹೆಬ್ಬಟ್ಟ ಆಡಿಸಿ ನೋಡ್ರಿ. ಬಣ್ಣದ ಕೆಳಗ ‘ಲ’ ಅಂತ ಉಳಿಲೆ ಹೊಡದದ್ದು ಹತ್ತತೈತಿ, ಅದರ ಬಾಜೂ ನಾಕನೇ ನಂಬರ, ಜೋರಿನ ಐದ ಡಬ್ಬ್ಯಾಗ ಅದು ನಾಕನೇದ್ದು. ಅದೂ ತಿಳೀಲಿಲ್ಲಂದ್ರ, ರೋಲರಿಗೆ ಸುಣ್ಣದ್ದೊಂದ ಗೀಟ ಹಚ್ಚಿ, ಗಡಿಯಾರ ಹಿಡಕೊಂಡ ಒಂದ ನಿಮಿಷ ಎಣಸ್ರಿ. ಎಂಟಕ್ಕ ಬಂತಂದ್ರ ಚಿಂತಿ ಇಲ್ಲ. ಹನ್ನೆರಡ ದಾಟಿತಂದ್ರ ಅದು ನಂದು.”

ಬರೆದುಕೊಂಡದ್ದನ್ನು ಒಮ್ಮೆ ಓದಿಸಿ ಕೇಳುತ್ತಾರೆ. ‘ನಾಲ್ಕನೇ ನಂಬರು’ ಎಂಬಲ್ಲಿ ಬೆರಳಿಟ್ಟು, ಇದನ್ನು ದಪ್ಪ ಅಕ್ಷರದಲ್ಲಿ ಹಾಕಲು ಬರುತ್ತದೆಯೇ ಎಂದು ವಿಚಾರಿಸುತ್ತಾರೆ. ಬರುತ್ತದೆ ಎಂದ ಮೇಲೆ ಎದ್ದು ಬಾಗಿಲ ತನಕ ಬಂದು, ನಮ್ಮ ಬೈಕ್ ಚಾಲೂ ಆದ ಮೇಲೂ ಹ್ಯಾಂಡಲ್ ಹಿಡಿದು ನಿಲ್ಲಿಸುತ್ತಾರೆ.

“ಇನ್ನೊಂದ ಬರೀರಿ. ಎಷ್ಟ ದೂರ ಇದ್ರೂ ನಾನ ಬರ್ತೇನಿ, ಒಂದ ಪೈಸೆ ಬ್ಯಾಡ. ಆದರ ನಾ ಬರೂತನಕ ಗಾಣ ಬಂದ್ ಇಡ್ರಿ.”